ಸಾಗಾರನ ಮನೆಯ ಅಳತೆ

ಧರ್ಮಮಾರ್ಗದಲ್ಲಿ ನಡೆಯುವವರನ್ನು ನಮ್ಮ ಆಚಾರ್ಯರು ಎರಡು ವರ್ಗಗಳಾಗಿ ವಿಂಗಡಿಸಿದರು. ಆ ವಿಂಗಡಣೆಗೆ ಅವರು ಹಿಡಿದ ಗುರುತು ಮನೆ. ಅಗಾರವೆಂದರೆ ಮನೆ, ಅದನ್ನು ತೊರೆದವನು ಅನಗಾರ, ಅದರೊಡನೆ ಇರುವವನು ಸಾಗಾರ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಗಳ ಈ ಎರಡು ಭೇದಗಳು ಬರುತ್ತವೆ. 13ನೆಯ ಶತಮಾನದ ಪಂಡಿತ ಆಶಾಧರರು ಗೃಹಸ್ಥರಿಗಾಗಿ ಬರೆದ ಗ್ರಂಥಕ್ಕೆ ಸಾಗಾರಧರ್ಮಾಮೃತವೆಂದೇ ಹೆಸರಿಟ್ಟರು. ಹೀಗೆ ಶಾಸ್ತ್ರವು ನಮ್ಮನ್ನು ಕರೆಯುವ ಹೆಸರಿನಲ್ಲಿಯೇ ಮನೆ ಸೇರಿಕೊಂಡಿದೆ. ಆದುದರಿಂದ ಯಾವ ಮನೆಯನ್ನು ಕೊಳ್ಳಬೇಕು, ಎಷ್ಟು ದೊಡ್ಡದನ್ನು ಕೊಳ್ಳಬೇಕು, ಯಾವ ಹಣದಿಂದ ಕೊಳ್ಳಬೇಕು ಎಂಬ ಪ್ರಶ್ನೆಗಳು ಕೇವಲ ವ್ಯವಹಾರದ ಪ್ರಶ್ನೆಗಳೆಂದು ತಿಳಿದು ಅವನ್ನು ಬ್ಯಾಂಕಿನವರಿಗೂ ದಲ್ಲಾಳಿಗಳಿಗೂ ಬಿಟ್ಟುಕೊಡುವುದು ಶ್ರಾವಕನಿಗೆ ತಕ್ಕುದಲ್ಲ.

ಈ ಪ್ರಶ್ನೆ ಇಂದು ನಮ್ಮ ಪ್ರದೇಶದ ಪ್ರತಿಯೊಂದು ಮನೆತನದ ಬಾಗಿಲಿಗೆ ಬಂದು ನಿಂತಿದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳ ಜೈನ ಕುಟುಂಬಗಳಲ್ಲಿ ಮಗನೋ ಮಗಳೋ ಪುಣೆ, ಮುಂಬಯಿ ಅಥವಾ ಬೆಂಗಳೂರಿನಲ್ಲಿ ಇಲ್ಲದ ಕುಟುಂಬ ವಿರಳ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ವ್ಯಾಪಾರದ ಪತ್ರಗಳಲ್ಲಿ ಹಿಂದಿ ಅಥವಾ ಗುಜರಾತಿ, ಮಕ್ಕಳ ಕಚೇರಿಯಲ್ಲಿ ಇಂಗ್ಲಿಷ್ ಎಂಬಂತೆ ಬದುಕುವ ನಮಗೆ ಭಾಷೆಯ ಗಡಿಯನ್ನು ದಾಟುವುದು ಹೊಸದಲ್ಲ. ಹುಟ್ಟೂರನ್ನು ಬಿಡುವುದೂ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು 1930ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತವನ್ನು ಕಲಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರದ ಪ್ರಾಧ್ಯಾಪಕರಾದರು. ಗಡಹಿಂಗ್ಲಜ, ಆಜರಾ, ಚಂದಗಡ ಭಾಗದ ಸಾವಿರಾರು ಜನ ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋದರು. ಒಂದೇ ಊರಿನವರು ಸೇರಿ ಚಾಳಿನಲ್ಲಿ ಒಂದು ಕೋಣೆಯನ್ನು ಹಿಡಿದು, ಹಗಲುಪಾಳಿಯವರು ರಾತ್ರಿ ಮಲಗಲು, ರಾತ್ರಿಪಾಳಿಯವರು ಹಗಲು ಮಲಗಲು ಅದೇ ನೆಲವನ್ನು ಬಳಸುತ್ತಿದ್ದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಆ ಬದುಕು ಕರಗಿತು. ಗಿರಣಿಗಳಿದ್ದ ನೆಲದ ಮೇಲೆ ಈಗ ಗಗನಚುಂಬಿ ವಸತಿ ಗೋಪುರಗಳು ನಿಂತಿವೆ.

ಇಂದಿನ ತರುಣ ಕೋಣೆಯನ್ನು ಹಂಚಿಕೊಳ್ಳಲು ಹೋಗುವುದಿಲ್ಲ, ಮನೆಯನ್ನು ಕೊಳ್ಳಲು ಹೋಗುತ್ತಾನೆ. ಇಲ್ಲಿಂದ ಪ್ರಶ್ನೆ ಆರಂಭವಾಗುತ್ತದೆ. ಅಪರಿಗ್ರಹವನ್ನು ಪರಮಧರ್ಮದ ಅಂಗವೆಂದು ನಂಬಿದವನು ಜೀವಮಾನದ ದುಡಿಮೆಯ ಬಹುಪಾಲನ್ನು ಒಂದು ಮನೆಗಾಗಿ ಒತ್ತೆಯಿಡಬಹುದೇ? ಇಟ್ಟರೆ ಅವನ ವ್ರತ ಉಳಿಯುವುದೇ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡುವುದು ಅವಶ್ಯ. ಮನೆಯಿರುವುದು ಶ್ರಾವಕನಿಗೆ ದೋಷವಲ್ಲ. ಗೃಹಸ್ಥನಾಗಲು ಯೋಗ್ಯನಾದವನ ಲಕ್ಷಣಗಳನ್ನು ಆಶಾಧರರು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲು ಹೇಳಿ, ಮುಂದೆ ಧರ್ಮಕ್ಕೆ ಅನುಕೂಲಳಾದ ಗೃಹಿಣಿ, ಅನುಕೂಲವಾದ ಊರು, ಅನುಕೂಲವಾದ ಮನೆ ಇವುಗಳನ್ನು ಒಟ್ಟಿಗೆ ಹೇಳುತ್ತಾರೆ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವುದು, ಸಾಮಾಯಿಕಕ್ಕೆ ಒಂದು ಮೂಲೆಯನ್ನು ಕಾದಿಡುವುದು, ಮುನಿಗಳಿಗೆ ಆಹಾರ ಕೊಡುವುದು ಇವೆಲ್ಲ ಮನೆಯಿಲ್ಲದೆ ನಡೆಯುವ ಕಾರ್ಯಗಳಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದೊಡನೆ ಮಗುವಿನ ಶಾಲೆ, ವೃದ್ಧರ ಔಷಧೋಪಚಾರ, ಸಾಮಾನುಗಳ ಗಂಟು ಎಲ್ಲವನ್ನೂ ಮತ್ತೊಮ್ಮೆ ಹೊತ್ತು ಅಲೆಯುವ ಕುಟುಂಬಕ್ಕೆ ಅನಗಾರತ್ವದ ಪುಣ್ಯವೇನೂ ಲಭಿಸುವುದಿಲ್ಲ. ಮುನಿಯು ಮನೆಯನ್ನು ತಾನಾಗಿ ಬಿಟ್ಟವನು. ಬಾಡಿಗೆದಾರನಿಗೆ ಮನೆಯನ್ನು ಬಿಡಿಸಲಾಗುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಸ್ವಂತ ವಾಡೆಯಲ್ಲಿ ಕುಳಿತವರು ಬಾಡಿಗೆಯವರಿಗೆ ಅಪರಿಗ್ರಹವನ್ನು ಬೋಧಿಸುವುದು ಶೋಭಿಸುವ ಮಾತಲ್ಲ.

ಹಾಗಾದರೆ ದೋಷ ಎಲ್ಲಿದೆ? ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಅಂದರೆ 'ಇದು ನನ್ನದು' ಎಂಬ ಮಮತೆಯ ಮಬ್ಬಿನಲ್ಲಿ ಕಾಣುತ್ತದೆ. ಆದರೆ ಆಚಾರ್ಯರು ಮನುಷ್ಯನ ಮನಸ್ಸನ್ನು ಬಲ್ಲವರು. 'ನನಗೆ ಮಮತೆಯಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದೇನೆ' ಎಂಬ ನೆಪಕ್ಕೆ ಅವಕಾಶವಾಗದಂತೆ ಅವರು ಗೃಹಸ್ಥನಿಗೆ ಪರಿಗ್ರಹ ಪರಿಮಾಣ ವ್ರತವನ್ನು ಕೊಟ್ಟರು. ಹೊರಗಿನ ಪರಿಗ್ರಹಗಳ ಪಟ್ಟಿಯಲ್ಲಿ ಮೊದಲು ಬರುವವು ಎರಡು: ಕ್ಷೇತ್ರ ಮತ್ತು ವಾಸ್ತು, ಅಂದರೆ ಭೂಮಿ ಮತ್ತು ಮನೆ. ಆ ವ್ರತದ ಅತಿಚಾರಗಳನ್ನು ಹೇಳುವಾಗಲೂ ಮೊದಲ ಅತಿಚಾರ ಭೂಮಿ-ಮನೆಗಳಿಗೆ ಇಟ್ಟುಕೊಂಡ ಅಳತೆಯನ್ನು ಮೀರುವುದೇ ಆಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳೆಯಬೇಕಾದುದು ಗೋಡೆಯನ್ನು ಮಾತ್ರವಲ್ಲ, ಇಚ್ಛೆಯನ್ನೂ ಎಂಬುದು ಆ ಹೆಸರಿನ ಭಾವ.

ಮನೆಯನ್ನು ಅಳೆದು ಹೇಳುವ ರೂಢಿ ನಮ್ಮ ನೆಲದಲ್ಲಿ ಹಳೆಯದು. ಕೊಲ್ಹಾಪುರದಲ್ಲಿ ದೊರೆತ 1143ರ ಶಾಸನವೊಂದು ಶಿಲಾಹಾರ ವಿಜಯಾದಿತ್ಯನ ದಾನವನ್ನು ದಾಖಲಿಸುತ್ತದೆ. ವಾಸುದೇವನೆಂಬವನು ಹಾವಿನ ಹೇರಿಲಗೆ ಎಂಬ ಊರಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪೂಜೆ, ಜೀರ್ಣೋದ್ಧಾರ ಮತ್ತು ಮುನಿಗಳ ಆಹಾರದಾನಕ್ಕಾಗಿ ಅರಸನು ಕೊಟ್ಟದ್ದು ಕಾಲು ನಿವರ್ತನ ಭೂಮಿ ಮತ್ತು ಹನ್ನೆರಡು ಹಸ್ತದ ಒಂದು ಮನೆ. ಕಾಗಲ ಸಮೀಪದ ಬಾಮಣಿಯ 1150ರ ಶಾಸನದಲ್ಲಿಯೂ ಹನ್ನೆರಡು ಹಸ್ತದ ಮನೆಯೇ ಬರುತ್ತದೆ. ಹಳಗನ್ನಡ ಲಿಪಿಯಲ್ಲಿ ಕಲ್ಲಿನ ಮೇಲೆ ಕೊರೆದ ಆ ಅಂಕಿಯ ಮುಂದೆ ಇಂದು ನಿಂತಾಗ ಒಂದು ಮಾತು ಹೊಳೆಯುತ್ತದೆ. ದಾನ ಕೊಡುವವನು ಅರಸನಾಗಿದ್ದರೂ, ದಾನ ಪಡೆದುದು ದೇವರ ಬಸದಿಯಾಗಿದ್ದರೂ, ಮನೆಗೆ ಒಂದು ಅಳತೆಯಿತ್ತು. ಆ ಅಳತೆ ಎಲ್ಲರೂ ಓದುವಂತೆ ಬಹಿರಂಗವಾಗಿತ್ತು.

ನಮ್ಮ ಕಾಲದಲ್ಲಿ ಅಳತೆ ಹೇಗೆ ನಡೆಯುತ್ತದೆ? ಮಹಾನಗರದಲ್ಲಿ ಮನೆ ನೋಡಲು ಹೋದ ದಂಪತಿಗಳ ಮನಸ್ಸಿನಲ್ಲಿ ಎರಡು ಕೋಣೆಗಳ ಮನೆಯಿರುತ್ತದೆ. ಮಾದರಿ ಮನೆಯನ್ನು ನೋಡಿದ ಮೇಲೆ ಅದು ಮೂರಾಗುತ್ತದೆ. ಈಜುಕೊಳ, ವ್ಯಾಯಾಮಶಾಲೆ, ಎರಡು ವಾಹನಗಳ ನಿಲುಗಡೆ ಒಂದೊಂದಾಗಿ ಅವಶ್ಯಕತೆಯ ಪಟ್ಟಿಗೆ ಸೇರುತ್ತವೆ. ಕೊನೆಗೆ ಅಳತೆಯನ್ನು ನಿರ್ಧರಿಸುವವರು ಬ್ಯಾಂಕಿನವರು: 'ನಿಮ್ಮ ಸಂಬಳಕ್ಕೆ ಇಷ್ಟು ಸಾಲ ದೊರೆಯುತ್ತದೆ.' ದೊರೆಯುವ ಸಾಲವೇ ಬೇಕಾದ ಮನೆಯ ಅಳತೆಯಾಗಿಬಿಡುತ್ತದೆ. ವ್ರತದ ಕ್ರಮ ಇದಕ್ಕೆ ವಿರುದ್ಧವಾದುದು. ಅಲ್ಲಿ ಪರಿಮಾಣ ಮೊದಲು, ಪದಾರ್ಥ ಆಮೇಲೆ. ಕಣ್ಣು ನೋಡಿದ ಮೇಲೆ ಇಚ್ಛೆಗೆ ಗೆರೆ ಎಳೆಯಲು ಹೊರಟರೆ ಆ ಗೆರೆಯನ್ನು ಎಳೆಯುವುದು ಇಚ್ಛೆಯೇ.

ಸಾಲದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ವ್ಯಾಪಾರಿ ಕುಲದವರಾದ ನಮಗೆ ಅದು ಕಠಿಣವಲ್ಲ. 50 ಲಕ್ಷ ರೂಪಾಯಿ ಸಾಲ, ಶೇಕಡಾ 9ರ ಬಡ್ಡಿ, 20 ವರ್ಷದ ಅವಧಿ ಎಂದು ಹಿಡಿಯೋಣ. ತಿಂಗಳ ಕಂತು ಸುಮಾರು 45,000 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 37,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಏಳೂವರೆ ಸಾವಿರ. ಅಸಲಿನ ಅರ್ಧ ತೀರುವುದಕ್ಕೆ ಸುಮಾರು 14 ವರ್ಷ ಬೇಕು. ಎಲ್ಲ ಮುಗಿದಾಗ ಕೊಟ್ಟ ಒಟ್ಟು ಹಣ ಸುಮಾರು 1 ಕೋಟಿ 8 ಲಕ್ಷ. ಇಂಥ ಸಾಲವನ್ನು ಮಾಡಲೇಬಾರದೆಂದು ಹೇಳುವುದು ಉದ್ದೇಶವಲ್ಲ. ಬಾಡಿಗೆಯೂ ಹಣವೇ, ಅದೂ ಹಿಂದಿರುಗಿ ಬರುವುದಿಲ್ಲ. ಆದರೆ ಆ 20 ವರ್ಷಗಳಲ್ಲಿ ದಂಪತಿಗಳಿಬ್ಬರಲ್ಲಿ ಒಬ್ಬರೂ ಕೆಲಸವನ್ನು ಬಿಡುವಂತಿಲ್ಲ, ಅನ್ಯಾಯವನ್ನು ಕಂಡು ರಾಜೀನಾಮೆ ಕೊಡುವಂತಿಲ್ಲ, ತಾಯಿಯ ಕಾಯಿಲೆಗೆಂದು ಆರು ತಿಂಗಳು ಊರಿಗೆ ಬರುವಂತಿಲ್ಲ. ಸ್ವಾಧ್ಯಾಯಕ್ಕೂ ದಾನಕ್ಕೂ ಉಳಿಯಬೇಕಾದ ಸಮಯ ಮತ್ತು ಹಣ ಎರಡೂ ಮೊದಲೇ ಮಾರಾಟವಾಗಿರುತ್ತವೆ. ಒಂದು ಹೆಚ್ಚಿನ ಕೋಣೆಯ ನಿಜವಾದ ಬೆಲೆಯನ್ನು ತಿಳಿಯಬೇಕಾದರೆ ಅದಕ್ಕಾಗಿ ಎಷ್ಟು ವರ್ಷಗಳ ಸ್ವಾತಂತ್ರ್ಯವನ್ನು ಕೊಟ್ಟೆವೆಂದು ಕೇಳಿಕೊಳ್ಳಬೇಕು.

ಅಳತೆಯ ನಂತರದ ಪ್ರಶ್ನೆ ಹಣದ ಶುದ್ಧಿಯದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು ಇವು ಸೇರಿವೆ. ಈ ಮಾತು ಕೊಳ್ಳುವವರಿಗೆ ಎಷ್ಟು ಸಲ್ಲುತ್ತದೆಯೋ ನಮ್ಮಲ್ಲಿರುವ ಕಟ್ಟಡ ನಿರ್ಮಾಪಕರಿಗೂ ಅಷ್ಟೇ ಸಲ್ಲುತ್ತದೆ. ಹೊರಗೋಡೆ, ಮೆಟ್ಟಿಲು, ಮೊಗಸಾಲೆ, ಲಿಫ್ಟಿನ ಜಾಗ ಎಲ್ಲವನ್ನೂ ಸೇರಿಸಿ 'ಸೂಪರ್ ಬಿಲ್ಟಪ್' ಎಂಬ ಹೆಸರಿನಲ್ಲಿ ಸಾವಿರ ಚದರ ಅಡಿ ಎಂದು ಮಾರಿ, ಒಳಗೆ ಏಳುನೂರು ಕೊಡುವ ವ್ಯವಹಾರ ಬಹುಕಾಲ ನಡೆಯಿತು. 2016ರಲ್ಲಿ ಅಂಗೀಕಾರವಾಗಿ 2017ರ ಮೇ ತಿಂಗಳಿನಿಂದ ಪೂರ್ಣವಾಗಿ ಜಾರಿಗೆ ಬಂದ ರೇರಾ ಕಾಯ್ದೆಯು ಒಳಗಿನ ಬಳಕೆಯ ನೆಲವನ್ನೇ, ಅಂದರೆ ಕಾರ್ಪೆಟ್ ಏರಿಯಾವನ್ನೇ, ಅಳತೆಯಾಗಿ ಹೇಳಬೇಕೆಂದು ವಿಧಿಸಿತು. ಗ್ರಾಹಕರಿಂದ ಪಡೆದ ಹಣದ ಶೇಕಡಾ 70 ಭಾಗವನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದೂ ಹೇಳಿತು. ಸುಳ್ಳು ಅಳತೆ ಕಳ್ಳತನವೆಂದು ಶಾಸ್ತ್ರ ಹೇಳಿದ ಎಷ್ಟೋ ಶತಮಾನಗಳ ಮೇಲೆ ಸಂಸತ್ತು ಅದನ್ನು ಹೇಳಬೇಕಾಯಿತು. ಹಾಗೆಯೇ 'ಇಷ್ಟು ಚೆಕ್ಕಿನಲ್ಲಿ, ಇಷ್ಟು ಕೈಯಲ್ಲಿ' ಎಂಬ ಮಾತು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಮುಂಗಡವಾಗಿ ಪಡೆಯುವುದನ್ನು ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ. ಹೊಸ ಮನೆಯಲ್ಲಿ ಶಾಂತಿವಿಧಾನ ಮಾಡಿಸುವ ಮುನ್ನ ಅದರ ಖರೀದಿಪತ್ರದಲ್ಲಿರುವ ಬೆಲೆ ಸತ್ಯವಾಗಿದೆಯೇ ಎಂದು ನೋಡಿಕೊಳ್ಳುವುದು ಪೂಜೆಯ ಪೂರ್ವಾಂಗವೇ ಸರಿ.

ಇನ್ನೂ ಸೂಕ್ಷ್ಮವಾದ ಒಂದು ವಿಷಯವಿದೆ. ನಮ್ಮ ಮನೆತನಗಳಲ್ಲಿ ಅದರ ಚರ್ಚೆ ಮೆಲುದನಿಯಲ್ಲಿಯೂ ನಡೆಯುವುದು ಅಪರೂಪ. ನಗರದ ಮನೆಗೆ ಮೊದಲ ಕಂತಿನ ಹಣ ಎಲ್ಲಿಂದ ಬರುತ್ತದೆ? ಅನೇಕ ಸಲ ಗಡಹಿಂಗ್ಲಜದ ಹೊಲದಿಂದ, ಇಚಲಕರಂಜಿಯ ಮಗ್ಗದ ಶೆಡ್ಡಿನಿಂದ, ಕೊಲ್ಹಾಪುರದ ಹಳೆಯ ಪೇಟೆಯ ಮನೆಯಿಂದ. ಅದನ್ನು ಮಾರುವ ಮೊದಲು ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆಸಿ, ಸೀರೆ ಉಡಿಸಿ, ಊಟ ಹಾಕಿ, ಹಕ್ಕಸೋಡಪತ್ರಕ್ಕೆ ಸಹಿ ಪಡೆಯುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕನ್ನು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಸಹೋದರಿ ಮನಃಪೂರ್ವಕವಾಗಿ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ತ್ಯಾಗ, ಅದಕ್ಕೆ ನಮಸ್ಕಾರ. ಆದರೆ 'ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ' ಎಂಬ ಹೆದರಿಕೆಯಿಂದ ಅವಳು ಹಾಕಿದ ಸಹಿ ಕೊಟ್ಟದ್ದೋ, ತೆಗೆದುಕೊಂಡದ್ದೋ? ಕೊಡದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನವೆಂದು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಪುಣೆಯ ಮನೆಯ ಮೊದಲ ಇಟ್ಟಿಗೆಯಲ್ಲಿ ಸಹೋದರಿಯ ಮೌನ ಸೇರಿದ್ದರೆ ಆ ಮನೆಯ ಅಳತೆ ಎಷ್ಟು ಚಿಕ್ಕದಿದ್ದರೂ ಅದು ಪರಿಮಾಣವನ್ನು ಮೀರಿದ ಮನೆಯೇ.

ಅಚೌರ್ಯವ್ರತದ ಮಾತು ಬಂದುದರಿಂದ ಅದರ ಭಾವನೆಗಳನ್ನೂ ನೆನೆಯಬೇಕು. ಮಹಾವ್ರತಿಗಳ ಈ ವ್ರತವನ್ನು ಸ್ಥಿರಗೊಳಿಸಲು ತತ್ತ್ವಾರ್ಥಸೂತ್ರವು ಐದು ಭಾವನೆಗಳನ್ನು ಹೇಳುತ್ತದೆ. ಆಶ್ಚರ್ಯದ ವಿಷಯವೆಂದರೆ ಅವುಗಳಲ್ಲಿ ಮೊದಲ ಮೂರು ವಾಸಸ್ಥಳಕ್ಕೆ ಸಂಬಂಧಿಸಿದವು: ಶೂನ್ಯಾಗಾರ, ಅಂದರೆ ಯಾರೂ ಇಲ್ಲದ ಗುಹೆ ಮೊದಲಾದ ಬರಿದಾದ ತಾಣದಲ್ಲಿ ಇರುವುದು; ವಿಮೋಚಿತಾವಾಸ, ಅಂದರೆ ಇತರರು ಬಿಟ್ಟುಹೋದ ನೆಲೆಯಲ್ಲಿ ಇರುವುದು; ಪರೋಪರೋಧಾಕರಣ, ಅಂದರೆ ತಾನಿರುವ ಸ್ಥಳಕ್ಕೆ ಇತರರು ಬರುವುದನ್ನು ತಡೆಯದಿರುವುದು. ಕಳ್ಳತನಕ್ಕೂ ವಾಸಸ್ಥಳಕ್ಕೂ ಏನು ಸಂಬಂಧವೆಂದು ಮೇಲ್ನೋಟಕ್ಕೆ ಅನಿಸಬಹುದು. ಸ್ಥಳವೆಂಬುದು ಎಲ್ಲರಿಗೂ ಬೇಕಾದ, ಹೆಚ್ಚಿಸಲು ಬಾರದ ವಸ್ತು. ಒಬ್ಬನು ಅದನ್ನು ಬೇಲಿ ಹಾಕಿ ಹಿಡಿದರೆ ಇನ್ನೊಬ್ಬನಿಗೆ ಅದು ಇಲ್ಲವಾಗುತ್ತದೆ. ಆದುದರಿಂದಲೇ ಆಚಾರ್ಯರು ಅದನ್ನು ಅಚೌರ್ಯದ ಸಾಲಿನಲ್ಲಿ ಇಟ್ಟರು. ಈ ಭಾವನೆಗಳು ಮುನಿಗಳಿಗೆ ವಿಧಿಸಿದವು, ನಿಜ. ಆದರೆ ಅಣುವ್ರತವೆಂದರೆ ಮಹಾವ್ರತದ ದಿಕ್ಕಿನಲ್ಲಿಯೇ ಇಡುವ ಚಿಕ್ಕ ಹೆಜ್ಜೆಯಾದುದರಿಂದ ಆ ದಿಕ್ಕು ಯಾವುದೆಂದು ಗೃಹಸ್ಥನಿಗೂ ತಿಳಿದಿರಬೇಕು.

ಇಂದಿನ ಶೂನ್ಯಾಗಾರಗಳನ್ನು ನೋಡೋಣ. 2011ರ ಜನಗಣತಿಯಂತೆ ಭಾರತದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳ ಸಂಖ್ಯೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಅದೇ ನಗರಗಳ ಪಾದಪಥಗಳಲ್ಲಿ, ಕೊಳೆಗೇರಿಗಳಲ್ಲಿ ಬದುಕುವವರ ಸಂಖ್ಯೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಈ ಖಾಲಿ ಮನೆಗಳಲ್ಲಿ ಮುನಿಗಳು ಧ್ಯಾನಕ್ಕೆ ಕುಳಿತಿಲ್ಲ, ಬೀಗ ಕುಳಿತಿದೆ. ಬೆಲೆ ಏರಲೆಂದು ಕೊಂಡು, ಬಾಡಿಗೆದಾರನು ಬಿಡಲಾರನೆಂಬ ಭಯದಿಂದ ಮುಚ್ಚಿಟ್ಟ ಮನೆಗಳು ಇವುಗಳಲ್ಲಿ ಎಷ್ಟೋ. ವಾಸಕ್ಕೆ ಕೊಂಡ ಮೊದಲ ಮನೆಗೂ ಬೀಗಕ್ಕಾಗಿ ಕೊಂಡ ಎರಡನೆಯ ಮನೆಗೂ ಧರ್ಮದೃಷ್ಟಿಯಲ್ಲಿ ಬಹಳ ಅಂತರವಿದೆ. ಮೊದಲನೆಯದರಲ್ಲಿ ಅವಶ್ಯಕತೆ ಮಮತೆಯ ಜೊತೆಗೆ ಇರುತ್ತದೆ. ಎರಡನೆಯದರಲ್ಲಿ ಮಮತೆ ಒಂಟಿಯಾಗಿರುತ್ತದೆ. ಪ್ರತಿ ಖಾಲಿ ಮನೆಯೂ ಪೇಟೆಯಲ್ಲಿ ಉಳಿದ ಮನೆಗಳ ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತದೆ. ಹೀಗೆ ನಮ್ಮ ಊರಿನ ಒಬ್ಬ ಶ್ರಾವಕ ಬೀಗ ಹಾಕಿಟ್ಟ ಮನೆಯ ಭಾರವನ್ನು ನಮ್ಮದೇ ಊರಿನ ಇನ್ನೊಬ್ಬ ತರುಣ ತನ್ನ ಕಂತಿನಲ್ಲಿ ಹೊರುತ್ತಿರಬಹುದು. ಎರಡನೆಯ ಮನೆಯಿರುವವರು ಅದನ್ನು ನ್ಯಾಯವಾದ ಬಾಡಿಗೆಗೆ ಕೊಟ್ಟು, ಒಳಗೆ ದೀಪ ಉರಿಯುವಂತೆ ಮಾಡುವುದು ಕನಿಷ್ಠ ಕರ್ತವ್ಯ.

ಮೂರನೆಯ ಭಾವನೆಯಾದ ಪರೋಪರೋಧಾಕರಣವು ನಮ್ಮನ್ನು ಹೆಚ್ಚು ಕಠಿಣವಾದ ಪ್ರಶ್ನೆಗೆ ಒಯ್ಯುತ್ತದೆ. ಮಹಾನಗರದಲ್ಲಿ ಮನೆ ಹುಡುಕುವವನಿಗೆ ಅವನ ಹಣಕ್ಕಿಂತ ಮೊದಲು ಜಾತಿ, ಮತ, ಆಹಾರ ಇವುಗಳ ಪ್ರಶ್ನೆ ಎದುರಾಗುವುದುಂಟು. ಹೀಗೆ ಕೇಳುವ ಗೃಹನಿರ್ಮಾಣ ಸಂಘಗಳಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ನಮ್ಮವರ ವಾದಕ್ಕೂ ಒಂದು ನೆಲೆಯಿದೆ. ಮಾಂಸದ ವಾಸನೆ ಬಾರದ ಮೆಟ್ಟಿಲನ್ನು ಹತ್ತಿ ಮನೆ ಸೇರಬೇಕೆಂಬ ವೃದ್ಧೆಯ ಆಸೆ ದ್ವೇಷದಿಂದ ಹುಟ್ಟಿದುದಲ್ಲ. ಅಹಿಂಸೆಯನ್ನು ಮಕ್ಕಳಿಗೆ ಕಲಿಸಲು ಸುತ್ತಲಿನ ವಾತಾವರಣ ಅನುಕೂಲವಾಗಿರಲೆಂದು ತಂದೆತಾಯಿಗಳು ಬಯಸುವುದೂ ಸಹಜ. ಕಾನೂನಿನ ಮಟ್ಟಿಗೂ, ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿದುದುಂಟು.

ಆದರೆ ನ್ಯಾಯಾಲಯ ತಡೆಯದಿರುವುದೆಲ್ಲ ಧರ್ಮವಾಗುವುದಿಲ್ಲ. ನನ್ನ ಅಡುಗೆಮನೆಯ ಶುದ್ಧಿ ನನ್ನ ವ್ರತ. ನೆರೆಯವನ ಅಡುಗೆಮನೆಗೆ ನಾನು ಹಾಕುವ ಬೀಗವು ನನ್ನ ವ್ರತದ ಭಾಗವಲ್ಲ. ಆಹಾರದ ಪ್ರಶ್ನೆಯಿಂದ ಆರಂಭವಾದ ತಡೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಸಸ್ಯಾಹಾರಿಯೇ ಆಗಿದ್ದರೂ ಹೆಸರಿನಿಂದಾಗಿ ಮನೆ ಸಿಗದವರುಂಟು. ನಾಳೆ ಬೇರೊಂದು ಸಂಘದವರು 'ಕನ್ನಡ ಮಾತನಾಡುವವರು ಬೇಡ', 'ಹೊರಗಿನವರು ಬೇಡ' ಎಂದರೆ ಗಡಿನಾಡಿನ ನಾವು ಯಾವ ಮುಖದಿಂದ ದೂರುವುದು? ಅಹಿಂಸೆಯನ್ನು ನೆರೆಯವನಿಗೆ ತಿಳಿಸಲು ಅವನು ನೆರೆಯಲ್ಲಿ ಇರಬೇಕಷ್ಟೆ.

ನಮ್ಮ ಪ್ರದೇಶದ ಇತಿಹಾಸವೂ ಬಾಗಿಲು ತೆರೆದಿಟ್ಟವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. 12ನೆಯ ಶತಮಾನದ ಆರಂಭದಲ್ಲಿ ಶಿಲಾಹಾರ ಗಂಡರಾದಿತ್ಯನು ಕಟ್ಟಿಸಿದ ಗಂಡಸಮುದ್ರವೆಂಬ ಕೆರೆಯ ದಡದಲ್ಲಿ ಈಶ್ವರ, ಬುದ್ಧ ಮತ್ತು ಅರ್ಹಂತ ಮೂವರ ದೇವಾಲಯಗಳಿಗೂ ದತ್ತಿ ಬಿಟ್ಟನು. ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯಲ್ಲಿ 1924ರಲ್ಲಿ ಅವರು ಛತ್ರಪತಿ ಶಾಹೂ ಮಹಾರಾಜರ ಹೆಸರಿನಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಗಳ ಹುಡುಗರು ಒಂದೇ ಸೂರಿನಡಿ ಇದ್ದು, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಭೇಟಿ ಕೊಟ್ಟರು. ಭಾವೂರಾವರು ಅಹಿಂಸೆಯನ್ನು ಬಿಟ್ಟುಕೊಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಎರಡೂ ಒಟ್ಟಿಗೆ ಸಾಧ್ಯವೆಂಬುದಕ್ಕೆ ನಮ್ಮ ಮನೆತನದ ಹಿರಿಯರೇ ಪ್ರಮಾಣವಾಗಿರುವಾಗ ಬೇರೆಡೆ ಹುಡುಕುವ ಅವಶ್ಯಕತೆಯಿಲ್ಲ.

ವಸತಿಗೃಹದ ಮಾತು ಬಂದಾಗ ಇನ್ನೊಂದು ವಿಚಾರವನ್ನು ಹೇಳಲೇಬೇಕು. ದೊಡ್ಡ ಊರಿಗೆ ಹೋದ ಹುಡುಗನಿಗೆ ಮನೆಯೆಲ್ಲಿ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಖಾಸಗಿ ಮನೆಯಾಗಿರಲಿಲ್ಲ, ಬೋರ್ಡಿಂಗ್ ಆಗಿತ್ತು. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ನಡೆಸಿತು. ಹಳ್ಳಿಗಳಿಂದ ಬಂದ ಕನ್ನಡ ಮತ್ತು ಮರಾಠಿ ಮಕ್ಕಳು ಒಂದೇ ಕೋಣೆಯಲ್ಲಿ ಓದಿ ವಕೀಲರು, ವೈದ್ಯರು, ಅಧ್ಯಾಪಕರಾದರು. ಯಾರದೂ ಅಲ್ಲದ ಆ ಮನೆಗಳು ಎಲ್ಲರದಾಗಿದ್ದವು. ಅವುಗಳ ಬೆಲೆ ನಮಗೆ ನೆನಪಾಗುವುದು ಅವು ಕೈತಪ್ಪುವ ಸಮಯದಲ್ಲಿ. ಪುಣೆಯ ಮಾಡೆಲ್ ಕಾಲನಿಯಲ್ಲಿರುವ ಸೇಠ ಹಿರಾಚಂದ ನೇಮಚಂದ ದಿಗಂಬರ ಜೈನ ಬೋರ್ಡಿಂಗ್‌ನ ಭೂಮಿಯನ್ನು ನಿರ್ಮಾಣ ಸಂಸ್ಥೆಯೊಂದಕ್ಕೆ ಮಾರಿದ ವ್ಯವಹಾರದ ವಿರುದ್ಧ 2025ರ ಅಕ್ಟೋಬರ್‌ನಲ್ಲಿ ಸಮಾಜವು ಎದ್ದು ನಿಂತಿತು. ವಿಷಯ ಧರ್ಮಾದಾಯ ಆಯುಕ್ತರ ಮುಂದೆ ಹೋಗಿ ಕೊನೆಗೆ ಆ ವ್ಯವಹಾರ ರದ್ದಾಯಿತು. ಜಾಗವನ್ನು ಉಳಿಸಿಕೊಳ್ಳಲು ತೋರಿದ ಉತ್ಸಾಹವನ್ನು ಅಂಥ ಜಾಗಗಳನ್ನು ಹೆಚ್ಚಿಸಲು ತೋರಬೇಕಾದ ಕಾಲ ಇದು. ಪ್ರತಿ ಕುಟುಂಬವೂ ತನ್ನ ಮಗುವಿಗಾಗಿ ಮಹಾನಗರದಲ್ಲಿ ಒಂದೊಂದು ಮನೆಯನ್ನು ಸಾಲ ಮಾಡಿ ಕೊಳ್ಳುವುದಕ್ಕಿಂತ, ಹತ್ತು ಕುಟುಂಬಗಳು ಸೇರಿ ವಿದ್ಯಾರ್ಥಿಗಳಿಗೂ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಮೊದಲ ಎರಡು ವರ್ಷ ನಿಲ್ಲಲು ನೆಲೆಯೊಂದನ್ನು ಕಟ್ಟಿದರೆ, ಅವಸರದಿಂದ ಮಾಡುವ ಎಷ್ಟೋ ಖರೀದಿಗಳು ತಾವಾಗಿಯೇ ನಿಲ್ಲುತ್ತವೆ.

ಹೋಗುವವರ ವಿಷಯವನ್ನಷ್ಟೇ ಹೇಳಿದರೆ ಮಾತು ಅರ್ಧವಾಗುತ್ತದೆ. ಊರಿನಲ್ಲಿ ಉಳಿಯುವವರು ಇಬ್ಬರು: ವೃದ್ಧ ತಂದೆತಾಯಿಗಳು ಮತ್ತು ಬಸದಿ. ಮಗನ ಹದಿನಾಲ್ಕನೆಯ ಅಂತಸ್ತಿನ ಮನೆಗೆ ಹೋದ ತಾಯಿಗೆ ಎಲ್ಲ ಸೌಕರ್ಯಗಳೂ ಇರುತ್ತವೆ. ಬೆಳಗ್ಗೆ ನಡೆದುಹೋಗಿ ಅಭಿಷೇಕ ನೋಡಿ ಗಂಧೋದಕ ತೆಗೆದುಕೊಂಡು ಬರುವ ಬಸದಿ ಇರುವುದಿಲ್ಲ, ಕನ್ನಡದಲ್ಲಿ ಎರಡು ಮಾತನಾಡುವ ನೆರೆ ಇರುವುದಿಲ್ಲ. ಊರಿನಲ್ಲಿಯೇ ಉಳಿದರೆ ಹನ್ನೆರಡು ಕಂಬಗಳ ಮನೆಯಲ್ಲಿ ಅವಳೊಬ್ಬಳೇ. ಈ ಸಂಕಟಕ್ಕೆ ಒಂದೇ ಉತ್ತರವಿಲ್ಲ. ಆದರೆ ಮನೆಯನ್ನು ಆರಿಸುವಾಗ ಶಾಲೆ ಎಷ್ಟು ದೂರ, ಕಚೇರಿ ಎಷ್ಟು ದೂರ ಎಂದು ಕೇಳುವ ನಾವು, ಬಸದಿ ಎಷ್ಟು ದೂರ, ಮುಪ್ಪಿನವರು ಕೋಲೂರಿ ಅಲ್ಲಿಗೆ ನಡೆಯಬಲ್ಲರೇ ಎಂದೂ ಕೇಳಬಹುದು. ಊರಿನ ಮನೆಯನ್ನು ಮಾರುವ ನಿರ್ಣಯವನ್ನು ಆ ಮನೆಯಲ್ಲಿ ಈಗಲೂ ಇರುವವರ ಒಪ್ಪಿಗೆಯಿಲ್ಲದೆ ಮಾಡದಿರಬಹುದು. ಊರನ್ನು ಬಿಟ್ಟ ಕುಟುಂಬಗಳು ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಹೆಚ್ಚಿನ ಬೋಲಿ ಹಿಡಿಯುವುದರ ಜೊತೆಗೆ, ನಿತ್ಯಪೂಜೆಯ ಎಣ್ಣೆ-ಅಕ್ಕಿಗೂ ಅರ್ಚಕರ ತಿಂಗಳ ಸಂಬಳಕ್ಕೂ ತಿಂಗಳ ಕಂತಿನಂತೆಯೇ ಒಂದು ಮೊತ್ತವನ್ನು ಗೊತ್ತುಮಾಡಬಹುದು.

ಕೊನೆಯದಾಗಿ, ಮನೆ ಬದಲಾಯಿಸುವ ದಿನವನ್ನು ಕುರಿತು ಒಂದು ಮಾತು. ಆ ದಿನ ಪ್ರತಿಯೊಬ್ಬ ಗೃಹಸ್ಥನಿಗೂ ಒಂದು ಸ್ವಾಧ್ಯಾಯದ ದಿನ. ಶಾಸ್ತ್ರಗಳು ಎಣಿಸುವ ಹತ್ತು ಬಗೆಯ ಬಾಹ್ಯ ಪರಿಗ್ರಹಗಳಲ್ಲಿ ಯಾನ, ಶಯ್ಯಾಸನ, ಕುಪ್ಯ, ಭಾಂಡ ಇವೆಲ್ಲ ಅಂದು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ. ಅಟ್ಟದಿಂದ ಇಳಿದ ತಾಮ್ರದ ಹಂಡೆ, ಒಮ್ಮೆಯೂ ತೆರೆಯದ ಉಡುಗೊರೆಯ ಪೆಟ್ಟಿಗೆಗಳು, ಎಂಟು ಮಂದಿಯ ಮನೆಯಲ್ಲಿ ಇಪ್ಪತ್ತನಾಲ್ಕು ಹಾಸಿಗೆಗಳು. ಲಾರಿಯ ಬಾಡಿಗೆಯನ್ನು ಲೆಕ್ಕ ಹಾಕುವಾಗ ಪ್ರತಿ ವಸ್ತುವೂ 'ನಾನು ನಿನಗೆ ಬೇಕೇ' ಎಂದು ಕೇಳುತ್ತದೆ. 2019 ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗೆಯ ನೀರು ಮನೆಯೊಳಗೆ ಬಂದಾಗ ಇದೇ ಪ್ರಶ್ನೆಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡಬೇಕಾಗಿ ಬಂದ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಇವೆ. ಜಿನಬಿಂಬ, ಮಕ್ಕಳು, ವೃದ್ಧರು, ಕಾಗದಪತ್ರ ಇಷ್ಟನ್ನು ಹಿಡಿದು ಹೊರಟವರು ಉಳಿದುದೆಲ್ಲವನ್ನೂ ಹಿಂದೆ ಬಿಟ್ಟರು. ನೀರು ಬಿಡಿಸಿದುದನ್ನು ತ್ಯಾಗವೆನ್ನಲಾಗದು. ಆದರೆ ನಿಜವಾಗಿ ಬೇಕಾದುದು ಎಷ್ಟೆಂಬ ತಿಳಿವಳಿಕೆ ಅವರಿಗೆ ಬಂದಷ್ಟು ಸ್ಪಷ್ಟವಾಗಿ ಬೇರೆಯವರಿಗೆ ಬಂದಿರಲಾರದು. ಲಾರಿ ಬರುವ ಮುನ್ನ ನಾವಾಗಿಯೇ ಅಷ್ಟನ್ನು ಬೇರ್ಪಡಿಸಿ, ಉಳಿದುದರಲ್ಲಿ ಉಪಯೋಗಕ್ಕೆ ಬರುವುದನ್ನು ಬೇಕಾದವರಿಗೆ ಕೊಟ್ಟುಬಿಟ್ಟರೆ ಹೊಸ ಮನೆಯಲ್ಲಿ ಒಂದು ಕೋಣೆ ಕಡಿಮೆ ಸಾಕಾಗುತ್ತದೆ.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ ದಿನ. ಮನೆ ಕೊಳ್ಳುವ ವಿಚಾರದಲ್ಲಿರುವ ಕುಟುಂಬಗಳು ಆ ದಿನ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಐದು ವಿಷಯಗಳನ್ನು ಬರೆದುಕೊಳ್ಳಲಿ: ನಮಗೆ ಬೇಕಾದ ಕೋಣೆಗಳು ಎಷ್ಟು, ತಿಂಗಳ ಆದಾಯದಲ್ಲಿ ಕಂತಿಗೆ ಕೊಡುವುದು ಎಷ್ಟನ್ನು ಮೀರಬಾರದು, ಈ ಹಣದಲ್ಲಿ ಯಾರ ಪಾಲು ಸೇರಿದೆ, ನಾವು ಹೋದಲ್ಲಿ ಯಾರಿಗೂ ತಡೆಯಾಗುವುದಿಲ್ಲವೇ, ನಾವು ಬಿಟ್ಟುಹೋಗುವವರಿಗೆ ಏನು ವ್ಯವಸ್ಥೆ. ಮಾದರಿ ಮನೆಯನ್ನು ನೋಡುವ ಮೊದಲೇ ಬರೆದು, ತಂದೆತಾಯಿ, ಮಕ್ಕಳು, ಅಕ್ಕತಂಗಿಯರ ಮುಂದೆ ಓದಿ, ಆ ಹಾಳೆಯನ್ನು ದೇವರ ಕೋಣೆಯಲ್ಲಿ ಇಡಲಿ. ಮುಂದೆ ಪೇಟೆಯ ಬೆಲೆ ಏರಬಹುದು, ಇಳಿಯಬಹುದು. ಆ ಹಾಳೆಯ ಮೇಲಿನ ಅಂಕಿಯನ್ನು ಬದಲಾಯಿಸಬೇಕೆನಿಸಿದಾಗ ಅದೇ ಜನರ ಮುಂದೆಯೇ ಬದಲಾಯಿಸಬೇಕು ಎಂಬ ಒಂದು ನಿಯಮವನ್ನು ಮಾತ್ರ ಪಾಲಿಸಲಿ.

ಜೈ ಜಿನೇಂದ್ರ.